ಕಾಟಾಕ್ಕೆ ತೂರಿದ ಮಣ್ಣು

೯ ನವೆಂಬರ್ ೨೦೦೯, ಸೋಮವಾರ

ಟೈರ್ ಅಂಗಡಿಯವನು ಜನವರಿಯಲ್ಲಿ ಕೊಟ್ಟ ಡೈರಿ ಇದು. ಹತ್ತು ತಿಂಗಳು ಹಾಳೆಗಳು ಖಾಲಿ ಬಿದ್ದಿದ್ದವು. ಇವತ್ತಿನಿಂದ ಬರೆಯುತ್ತೇನೆ. ಯಾಕೆಂದರೆ ಇವತ್ತಿನಿಂದ ಈ ಪಾಲಪ್ಪ ಸರ್ವರ್ ರೂಮಿನ ಇನ್‌ಚಾರ್ಜ್. ಓದಿದ್ದು ಏಳನೇ ಇಯತ್ತೆ, ಅದೂ ಕಮಲಾಪುರದ ಸರಕಾರಿ ಶಾಲೆ. ಅಷ್ಟು ಓದಿಗೆ ಸರ್ವರ್ ರೂಮಿನ ಬೀಗದ ಕೈ ಉಡಿದಾರಕ್ಕೆ ಕಟ್ಟಿಕೊಂಡವನು ಹೊಸಪೇಟೆ, ಸಂಡೂರು, ಕಂಪ್ಲಿ ಮೂರೂ ಊರು ಜಾಲಾಡಿದರೂ ಇನ್ನೊಬ್ಬ ಸಿಗಲಿಕ್ಕಿಲ್ಲ.

ನಮ್ಮದು ಅದಿರಿನ ಯಾರ್ಡು. ಸಂಡೂರಿನ ಗಣಿಯಿಂದ ಬರುವ ಪ್ರತಿ ಲಾರಿಯೂ ಇಲ್ಲಿ ಕಾಟಾ ಹತ್ತಿ, ತೂಕ ಮಾಡಿಸಿಕೊಂಡೇ ಮುಂದೆ ಹೋಗಬೇಕು. ಆಫೀಸಿನಲ್ಲಿ ಮೂರು ಹಳೆಯ ಕಂಪ್ಯೂಟರ್: ಹಾಜರಿಯದೊಂದು, ಪರ್ಮಿಟ್ಟಿನದೊಂದು, ಕಾಟಾದ್ದೊಂದು. ಕೆಂಪು ಧೂಳು ಕುಡಿದು ಕುಡಿದು ಮೂರಕ್ಕೂ ದಮ್ಮು. ಮ್ಯಾನೇಜರ್ ತಿರುಮಲ ಸಾಹೇಬರು ಒಂದು ದೊಡ್ಡ ಮಷೀನು ತರಿಸಿದ್ದಾರೆ. ಮೂರನ್ನೂ ಅದರೊಳಗೆ ಹಾಕುವುದಂತೆ.

"ಒಳಗ ಹಾಕೂದಂದ್ರ? ಡಬ್ಬಿಯೊಳಗ ಡಬ್ಬಿ ಇಡ್ತೀಯೇನ?" ಎಂದು ಸ್ಫೂರ್ತಿಯನ್ನು ಕೇಳಿದೆ. ಸ್ಫೂರ್ತಿ ನಮ್ಮ ಅಕ್ಕ ಉಚ್ಚೆಂಗಮ್ಮನ ಮಗಳು. ಡಿಪ್ಲೊಮಾ ಓದಿದ್ದಾಳೆ. ಏಪ್ರಿಲ್‌ನಿಂದ ಇಲ್ಲಿಯ ಕಂಪ್ಯೂಟರ್ ಕೆಲಸವೆಲ್ಲ ಅವಳದೇ.

"ಡಬ್ಬಿ ಅಲ್ಲ ಮಾವಾ, ಡಬ್ಬಿಯೊಳಗಿನ ಜೀವ. ಒಂದು ದೊಡ್ಡ ಮನ್ಯಾಗ ಮೂರು ಒಲಿ ಹೂಡಿದಂಗ. ಮೂವರೂ ತಾವು ಬ್ಯಾರೆ ಬ್ಯಾರೆ ಮನ್ಯಾಗ ಅದೀವಿ ಅಂತ ತಿಳ್ಕೊಂಡಿರ್ತಾರ. ಅವಕ್ಕ ವರ್ಚುವಲ್ ಮಷೀನ್ ಅಂತಾರ. ದೊಡ್ಡ ಮನಿಗೆ ಹೋಸ್ಟ್ ಅಂತಾರ."

"ಹಂಗಾದ್ರ ಮನಿ ಯಜಮಾನ ನಾನ."

"ನೀ ಮನಿ ಮುಂದಿನ ವಾಚ್‌ಮನ್."

ಬಾಯಿ ಜೋರು. ಅವರಣ್ಣನದೂ ಹಿಂಗೇ ಇತ್ತು. ಪೆಟ್ಟಿಗೆಯಿಂದ ಮಷೀನನ್ನು ನಾನೊಬ್ಬನೇ ಎತ್ತಿ ಮೇಜಿನ ಮೇಲಿಟ್ಟೆ. (ಹಿಂದಿನಿಂದ ಸೆಕ್ಯುರಿಟಿಯವನು ಸ್ವಲ್ಪ ಕೈ ಹಾಕಿದ.) ಕಾಟಾದ ಪಕ್ಕ ಚಹಾ ಅಂಗಡಿ ಇಟ್ಟಿರುವ ಜಡೆಪ್ಪನಿಗೆ, "ಕಂಪ್ಲಿ ರೈಸ್ ಮಿಲ್ಲಿನ್ಯಾಗ ನಲವತ್ತು ಎಚ್‌ಪಿ ಮೋಟಾರ್ ನನ್ನ ಹೆಸರು ಕೇಳಿ ತಿರುಗ್ತಿತ್ತು, ಇದ್ಯಾವ ಲೆಕ್ಕ" ಎಂದೆ. ನಕ್ಕ. ಆದರೆ ಮೊದಲಿನ ಹಾಗೆ ಹೊಟ್ಟೆ ಹಿಡಿದುಕೊಂಡು ನಗಲಿಲ್ಲ. ಫೆಬ್ರವರಿಯಿಂದ ಅವನ ನಗು ಅರ್ಧಕ್ಕೇ ನಿಲ್ಲುತ್ತದೆ.

ಇರಲಿ.

೧೧ ನವೆಂಬರ್, ಬುಧವಾರ

ಅರ್ತ್ ಗುಂಡಿ ತೋಡಿಸಿದೆ. ಎಂಟು ಅಡಿ. ಕೆಳಗೆ ತಾಮ್ರದ ಪ್ಲೇಟು, ಅದರ ಮೇಲೆ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು. ನೋಡಿದವರು ಉಪ್ಪಿನಕಾಯಿ ಹಾಕುತ್ತಿದ್ದೀಯಾ ಎಂದು ಕೇಳಿದರು. ಎಲ್ಲಿಯಾದರೂ ಕರೆಂಟು ದಾರಿ ತಪ್ಪಿದರೆ ಅದು ಯಾರ ಮೈಗೂ ಹೋಗದೆ ಸೀದಾ ಭೂಮಿಗೆ ಇಳಿಯಬೇಕು. ಅದಕ್ಕೆ ಈ ಗುಂಡಿ. ದಿನಾ ಎರಡು ಕೊಡ ನೀರು ಹಾಕಬೇಕು. ಗುಂಡಿ ಒಣಗಿದರೆ ಅರ್ತ್ ಇದ್ದೂ ಇಲ್ಲದ ಹಾಗೆ.

ಸಾಹೇಬರು ಒಂದು ಲಾಗ್ ಬುಕ್ ಕೊಟ್ಟಿದ್ದಾರೆ. ದಿನಾ ರೂಮಿನ ಉಷ್ಣತೆ, ಅರ್ತಿನ ವೋಲ್ಟು ಅದರಲ್ಲಿ ಬರೆಯಬೇಕು. ಎರಡು ವೋಲ್ಟಿಗಿಂತ ಕಡಿಮೆ ಇರಬೇಕಂತೆ. ಮೀಟರಿನಲ್ಲಿ ಐದು ಬಂತು. ಒಂದು ಎಂದು ಬರೆದೆ. ಹೊಸ ಗುಂಡಿ, ನೆನೆಯಲಿಕ್ಕೆ ನಾಲ್ಕು ದಿನ ಬೇಕು. ನಾಲ್ಕು ದಿನ ಮೊದಲೇ ಬರೆದರೆ ಏನು ತಪ್ಪು?

ಸಂಜೆ ಸ್ಫೂರ್ತಿ ತಾನೇ ಮೀಟರ್ ಹಿಡಿದಳು. "ಮಾವಾ, ಐದೈತಲ್ಲ?"

"ಬೆಳಿಗ್ಗೆ ಒಂದಿತ್ತವ್ವಾ. ಬಿಸಿಲಿಗೆ ಏರೇತಿ."

"ಅರ್ತ್ ಏನು ಜ್ವರ ಬಂದೋರಾ ಬಿಸಿಲಿಗೆ ಏರಾಕ?" ಎಂದು ಲಾಗ್ ಬುಕ್ಕಿನಲ್ಲಿ ನನ್ನ ಒಂದನ್ನು ಹೊಡೆದು ಐದು ಬರೆದಳು.

೧೬ ನವೆಂಬರ್, ಸೋಮವಾರ. ಅಮಾವಾಸ್ಯೆ

ಅಕ್ಕ ಬಂದಿದ್ದಳು.

ಪ್ರತಿ ಅಮಾವಾಸ್ಯೆಗೂ ಸಂಡೂರಿನಿಂದ ಮೊದಲ ಬಸ್ಸಿಗೆ ಬರುತ್ತಾಳೆ. ಮಗನ ಗೋರಿಯಿಂದ ಒಂದು ಹಿಡಿ ಮಣ್ಣು ಸೆರಗಿನ ತುದಿಗೆ ಗಂಟು ಹಾಕಿಕೊಂಡಿರುತ್ತಾಳೆ. ಕಾಟಾ ರೂಮಿನ ಕಿಟಕಿಯ ಮುಂದೆ ನಿಂತು ಗಂಟು ಬಿಚ್ಚಿ, ಒಳಗಿರುವ ಕಂಪ್ಯೂಟರಿನ ಮೇಲೆ ಮಣ್ಣು ತೂರುತ್ತಾಳೆ. "ನನ್ನ ಮಗನ್ನ ತಿಂದಿ. ನಿನ್ನ ಹೊಟ್ಟಿ ಹಿಂಗ ಮಣ್ಣಾಗ್ಲಿ." ಅಷ್ಟೇ. ಹೆಚ್ಚು ಮಾತಿಲ್ಲ. ಸೆಕ್ಯುರಿಟಿಯವನು ಆ ಹೊತ್ತಿಗೆ ಬೀಡಿ ಸೇದಲು ಹೋಗುತ್ತಾನೆ. ತಿರುಮಲ ಸಾಹೇಬರು ಕಂಡೂ ಕಾಣದಂತೆ ಇರುತ್ತಾರೆ. ಕಾಟಾದಲ್ಲಿ ಕುಳಿತಿರುವ ಸ್ಫೂರ್ತಿ ಎದ್ದು ಪಕ್ಕಕ್ಕೆ ನಿಲ್ಲುತ್ತಾಳೆ. ಅವ್ವ ಹೋದ ಮೇಲೆ ಕೀಬೋರ್ಡಿನ ಸಂದಿಯಿಂದ ಅಣ್ಣನ ಮಣ್ಣನ್ನು ಬಣ್ಣದ ಬ್ರಷ್ಷಿನಿಂದ ಗುಡಿಸುತ್ತಾಳೆ.

ಆ ಕಂಪ್ಯೂಟರನ್ನು ಬಿಡಿಭಾಗ ತಂದು ಜೋಡಿಸಿದವನೇ ನಮ್ಮ ಓಬಳೇಶ, ಅಕ್ಕನ ಮಗ. ಫೆಬ್ರವರಿ ಹನ್ನೊಂದರಂದು, ಅವನ ರಜೆಯ ದಿನ, ಸಂಡೂರಿನ ಮನೆಯಲ್ಲಿ ಊಟಕ್ಕೆ ಕುಳಿತಿದ್ದ. ಕಾಟಾ ನಿಂತಿದೆ, ಬಾ ಎಂದು ಫೋನು ಹೋಯಿತು. ತಾಟು ಬಿಟ್ಟು ಗಾಡಿ ಹತ್ತಿದ. ತಿರುವಿನಲ್ಲಿ ಅದಿರು ಲಾರಿ. ಇಪ್ಪತ್ತಾರು ವರ್ಷ.

ಫೋನು ಮಾಡಿದವನು ನಾನು. ಆಗ ಕಾಟಾ ನನ್ನ ಕೈಯಲ್ಲಿತ್ತು. ಅವನು ಹೋದ ಮೇಲೆ ಆ ಕುರ್ಚಿ ಬೇಡ ಎಂದು ಸಾಹೇಬರಿಗೆ ಹೇಳಿ ಕರೆಂಟಿನ ಕೆಲಸಕ್ಕೆ ಬಂದೆ. ಅಕ್ಕ ನನಗೆ ಒಂದು ಮಾತೂ ಅನ್ನಲಿಲ್ಲ. ಮಷೀನು ಕೆಟ್ಟರೆ ತಮ್ಮ ಏನು ಮಾಡುತ್ತಾನೆ?

ಚಹಾ ಕುಡಿಯುತ್ತ ಅಕ್ಕ ಕೇಳಿದಳು: "ಸ್ಫೂರ್ತಿ ಹೇಳಿದ್ಲು. ಅದನ್ನ ಗುಜರಿಗೆ ಹಾಕ್ತಾರಂತ ಹೌದೇನೋ?"

"ಹೌದಕ್ಕಾ. ಒಳಗಿಂದು ಹೊಸದಕ್ಕ ಹೋಗ್ತೈತಿ. ಬರೇ ಡಬ್ಬಿ ಉಳೀತೈತಿ."

"ಗುಜರಿಗೆ ಬ್ಯಾಡ. ನನಗ ಕೊಡು. ನನ್ನ ಕೈಲೆ ಒಡೀತೀನಿ. ಅವತ್ತ ಈ ಎದಿಯಾಗಿನ ಬೆಂಕಿ ಆರ್ತೈತಿ."

"ಮುಂದಿನ ಅಮಾಸಿಗೆ ಬಾ. ನಾ ಕೊಡಸ್ತೀನಿ. ಈ ಯಾರ್ಡಿನ್ಯಾಗ ಪಾಲಪ್ಪ ಅಂದ್ರ ಸಾಹೇಬ್ರೂ ಎದ್ದು ನಿಲ್ತಾರ" ಎಂದೆ.

ಸಾಹೇಬರು ಒಪ್ಪಿದರು. ನನ್ನ ಮಾತಿಗಲ್ಲ, ಅಕ್ಕನ ಮುಖ ನೋಡಿ.

೨೦ ನವೆಂಬರ್, ಶುಕ್ರವಾರ

ರೂಮು ಸಿದ್ಧ. ಕಿಟಕಿಯ ಸಂದಿಗಳಿಗೆಲ್ಲ ಫೋಮ್ ಹಾಕಿ ಟೇಪ್ ಸುತ್ತಿದೆ. ಬಾಗಿಲ ಹೊರಗೆ ಒದ್ದೆ ಗೋಣಿಚೀಲ. ಕಾಲೊರೆಸದೆ ಸಾಹೇಬರಿಗೂ ಪ್ರವೇಶವಿಲ್ಲ. ಇಷ್ಟು ಮಾಡಿದರೂ ಸಂಜೆ ಬಿಳಿ ಬಟ್ಟೆಯಿಂದ ಮೇಜು ಒರೆಸಿದರೆ ಬಟ್ಟೆ ಕುಂಕುಮದ ಬಣ್ಣವಾಗುತ್ತದೆ. ಈ ಧೂಳು ಬಾಗಿಲು ಕೇಳಿ ಬರುವುದಿಲ್ಲ.

ಸ್ಫೂರ್ತಿ ಮಷೀನು ಹಚ್ಚಿದಳು. ವಿಮಾನ ಏಳುವಾಗಿನ ಹಾಗೆ ಸದ್ದು. (ವಿಮಾನ ಹತ್ತಿರದಿಂದ ಕೇಳಿದ್ದೇನೆ ಎಂದು ಅವಳಿಗೆ ಹೇಳಿದೆ. ಕೇಳಿಲ್ಲ.) ಮೊದಲು ನೀಲಿ ಪರದೆಗೆ ಹೋಗಿ ಏನೋ ಒಂದು ಗುಂಡಿ ಒತ್ತಿದಳು. ಬೇರೆ ಮಷೀನುಗಳನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಗುಣ ಇದಕ್ಕೆ ಹುಟ್ಟಿನಿಂದಲೇ ಇರುತ್ತದಂತೆ, ಆದರೆ ಕಾರ್ಖಾನೆಯವರು ಅದನ್ನು ಆಫ್ ಮಾಡಿ ಕಳಿಸಿರುತ್ತಾರಂತೆ. ಆನ್ ಮಾಡಿದ ಮೇಲೆ ವೈರು ಪೂರ್ತಿ ಕಿತ್ತು ಮತ್ತೆ ಹಾಕಬೇಕು. ಕಿತ್ತು ಹಾಕಿದವನು ನಾನು.

ಡಿಸ್ಕುಗಳು ಎರಡು. ಒಂದರ ಮೇಲೆ ಬರೆದದ್ದೆಲ್ಲ ಅದೇ ಕ್ಷಣ ಇನ್ನೊಂದರ ಮೇಲೂ ಬರೆಯುತ್ತದೆ.

"ಅದ್ಯಾಕ?" ಎಂದೆ.

"ಒಂದು ಸತ್ರ ಇನ್ನೊಂದು ಹೇಳ್ತೈತಿ ಮಾವಾ. ಏನೂ ಕಳಿಯಂಗಿಲ್ಲ."

"ಹಳೇ ಕಂಪ್ಯೂಟರಿನ್ಯಾಗಿಂದು ಎಲ್ಲಾನೂ ಬರ್ತೈತೇನು? ಬೇಕಾದಷ್ಟ ಆರಿಸಿಕೊಳ್ಳಾಕ ಆಗಂಗಿಲ್ಲೇನು?"

"ಆರಿಸೂದಿಲ್ಲ. ಇದ್ದದ್ದು ಇದ್ದಂಗ. ಮೊದಲನೇ ಲಾರಿಯಿಂದ ಇವತ್ತಿನ ಲಾರಿ ತನಕ, ನಂಬರ್, ತೂಕ, ಟೈಮು, ಎಲ್ಲಾ. ಯಾಕ, ಯಾವ್ದಾರ ಬ್ಯಾಡ ಆಗಿತ್ತೇನು?"

"ನನಗೇನು ಬ್ಯಾಡ? ಹಳೇ ಕಸ ಹೊಸ ಮನಿಗ್ಯಾಕ ಅಂತ ಕೇಳಿದೆ."

೨೧ ನವೆಂಬರ್

ಊಟ ಸೇರಲಿಲ್ಲ. ಹೆಂಡತಿ ಕರೆಮ್ಮ ಹುಣಸೆಹಣ್ಣು ಜಾಸ್ತಿಯಾಯಿತೇ ಎಂದಳು. ಹೌದು ಎಂದೆ. ಪಾಪ, ಆಗಿರಲಿಲ್ಲ.

೨೬ ನವೆಂಬರ್, ಗುರುವಾರ

ಹಾಜರಿಯ ಕಂಪ್ಯೂಟರ್ ಮೊದಲು ಒಳಗೆ ಹೋಯಿತು. ಎರಡು ತಾಸು ಹಿಡಿಯಿತು. ಹಳೆಯದರ ವೈರು ಕಿತ್ತು ಬದಿಗಿಟ್ಟು, ಸ್ಫೂರ್ತಿ ಹೊಸದರೊಳಗೆ ಅದನ್ನು ಎಬ್ಬಿಸಿದಳು. ಅದೇ ಪರದೆ, ಅದೇ ಹನುಮಪ್ಪನ ಚಿತ್ರ, ಅದೇ ತಪ್ಪು ಸ್ಪೆಲ್ಲಿಂಗಿನ ಹೆಸರುಗಳು! ಎದ್ದ ಕೂಡಲೇ ಒಂದು ಚೀಟಿ ತೋರಿಸಿತು: ನನ್ನ ಪ್ರಿಂಟರ್ ಕಾಣುತ್ತಿಲ್ಲ ಎಂದು.

ನಾನು ಬಿದ್ದು ಬಿದ್ದು ನಕ್ಕೆ. "ಲೇ, ನಿನ್ನ ಮೈಯೇ ಇಲ್ಲ, ಪ್ರಿಂಟರ್ ಹುಡುಕ್ತೀ?"

ಸ್ಫೂರ್ತಿಯೂ ನಕ್ಕಳು. ಆಮೇಲೆ ಪರದೆ ನೋಡುತ್ತ, "ತಾ ಹೋಗೀನಿ ಅಂತ ಅದಕ್ಕ ಗೊತ್ತ ಆಗಿಲ್ಲ ಮಾವಾ" ಎಂದಳು. "ಅಣ್ಣ ಇದನ್ನ ಮಾಡ್ಬೇಕು ಅಂತಿದ್ದ. ಅವನ ನೋಟ್‌ಬುಕ್ಕಿನ್ಯಾಗ ಐತಿ. ಹೋಸ್ಟ್‌ಗೆ ಹೆಸರೂ ಇಟ್ಟಿದ್ದ, ಪಂಪಾ ಅಂತ. ಅದ ಹೆಸರು ಕೊಟ್ಟೀನಿ."

ಜಡೆಪ್ಪ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕಳಿಸಿದ್ದ. ಮಂಡಕ್ಕಿ ತಿಂದೆ. ಮಿರ್ಚಿ ಮುಟ್ಟಲಿಲ್ಲ. ನಾನು ಮಿರ್ಚಿ ಬಿಟ್ಟು ಹತ್ತು ತಿಂಗಳಾಯಿತು. ಹುಳಿತೇಗು ಎಂದು ಎಲ್ಲರಿಗೂ ಹೇಳಿದ್ದೇನೆ.

೩೦ ನವೆಂಬರ್, ಸೋಮವಾರ

ಮಧ್ಯಾಹ್ನ ಸ್ಫೂರ್ತಿ ಪರ್ಮಿಟ್ ಕಂಪ್ಯೂಟರಿನ ಕೆಲಸದಲ್ಲಿದ್ದಳು. ಹತ್ತು ನಿಮಿಷ ಕಾಟಾ ನೋಡಿಕೋ ಮಾವಾ ಎಂದಳು. ಹತ್ತು ತಿಂಗಳ ಮೇಲೆ ಆ ಕುರ್ಚಿಯಲ್ಲಿ ಕುಳಿತೆ. ಒಂದು ದಿನದ ರಿಜಿಸ್ಟರ್ ಪ್ರಿಂಟ್ ತೆಗೆಯುವುದು ಓಬಳೇಶ ನನಗೆ ಕಲಿಸಿದ್ದ. ತಾರೀಖು ಹಾಕು, ಎಫ್ ಎಂಟು ಒತ್ತು. ಹಾಕಿದೆ. ಒತ್ತಿದೆ.

ಹನ್ನೊಂದು ಫೆಬ್ರವರಿ. ಮಧ್ಯಾಹ್ನ ಒಂದರಿಂದ ಎರಡರ ತನಕ ಹನ್ನೊಂದು ಲಾರಿ. ಒಂದು ಗಂಟೆ ನಾಲ್ಕು ನಿಮಿಷಕ್ಕೊಂದು. ಒಂದು ಒಂಬತ್ತಕ್ಕೊಂದು. ಒಂದು ಹನ್ನೆರಡಕ್ಕೊಂದು. ಒಂದು ಹದಿನೇಳಕ್ಕೊಂದು. ಎಲ್ಲಕ್ಕೂ ಆಪರೇಟರ್ ಹೆಸರು ಪಾಲಪ್ಪ.

ಕಾಗದ ಮಡಚಿ ಒಳಗಿನ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ಎರಡು ಸಲ ಹರಿಯಬೇಕೆಂದು ತೆಗೆದೆ.

೧೧ ಫೆಬ್ರವರಿ, ಬುಧವಾರ

ಈ ಹಾಳೆ ಖಾಲಿ ಇತ್ತು. ಇವತ್ತು ಡಿಸೆಂಬರ್ ಎರಡು. ಡೈರಿಯನ್ನು ಹಿಂದಕ್ಕೆ ತಿರುವಿ ಇಲ್ಲಿ ಬರೆಯುತ್ತಿದ್ದೇನೆ. ಬರೆಯಬೇಕಾದದ್ದು ಈ ಹಾಳೆಯಲ್ಲೇ.

ಕಾಟಾ ನಿಂತಿರಲಿಲ್ಲ.

ಕಾಟಾ ರೂಮಿನಲ್ಲಿ ಜಡೆಪ್ಪ ಚಹಾ ಹಿಡಿದು ನಿಂತಿದ್ದ, ಇಬ್ಬರು ಡ್ರೈವರುಗಳಿದ್ದರು, ಆಂಧ್ರದ ಕಡೆಯವರು. ನಾನು ಎಂದಿನ ಹಾಗೆ ಬಡಾಯಿ ಬಿಡುತ್ತಿದ್ದೆ. ನನ್ನ ಅಳಿಯ ಎಂಥವನು ಗೊತ್ತಾ, ಈ ಕಾಟಾ ಅವನ ಕೈಯಲ್ಲಿ ಹುಟ್ಟಿದ ಕೂಸು, ನಾನು ಒಂದು ಮಾತು ಹೇಳಿದರೆ ಎಲ್ಲಿದ್ದರೂ ಎದ್ದು ಬರುತ್ತಾನೆ ಎಂದು. ಜಡೆಪ್ಪ, "ರಜಾ ದಿನ ಯಾರ್ ಬರ್ತಾರ ಬಿಡಣ್ಣ" ಎಂದ. "ಒಂದು ತಾಸಿನ್ಯಾಗ ಇಲ್ಲಿರ್ತಾನ. ಪಂದ್ಯ?" ಎಂದೆ. ಒಂದು ಪ್ಲೇಟ್ ಮಿರ್ಚಿ ಪಂದ್ಯ.

ಒಂದು ಹತ್ತಕ್ಕೆ ಫೋನು ಹಚ್ಚಿದೆ. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ಕಾಟಾ ನಿಂತೈತೋ ಓಬಳಿ."

"ಒಮ್ಮಿ ಬಂದ್ ಮಾಡಿ ಹಚ್ಚು ಮಾವಾ."

"ಹಚ್ಚಿ ನೋಡೀನಿ. ಏಳವಲ್ದು."

"ಊಟಕ್ಕ ಕುಂತೀನಿ. ಉಂಡು ಬರ್ತೀನಿ ತಡಿ."

"ನೀ ಉಣ್ಣೂದ್ರಾಗ ಲಾರಿ ಸಾಲು ಊರು ಮುಟ್ಟತೈತಿ. ಎದ್ದು ಬಾರೋ."

"ಬಂದೆ ಬಂದೆ" ಎಂದ. ಅವನ ಬಾಯಲ್ಲಿ ತುತ್ತು ಇತ್ತು. ಅದು ಕೇಳಿಸಿತು. ಡ್ರೈವರುಗಳಿಗೆ ಕಣ್ಣು ಹೊಡೆದೆ. ಆ ಕಡೆ ಫೋನಿಟ್ಟು, ಈ ಕಡೆ ಮುಂದಿನ ಲಾರಿ ಹತ್ತಿಸಿದೆ. ಅದೇ ಒಂದು ಹನ್ನೆರಡರದು.

ಬಂದ ಮೇಲೆ ಅವನಿಗೂ ಮಿರ್ಚಿ ಕೊಡಿಸಿ, ಬೈಸಿಕೊಂಡು, ನಗಬೇಕೆಂದಿದ್ದೆ. ಮೊದಲೂ ಹಿಂಗೆ ಎರಡು ಸಲ ಆಟ ಆಡಿಸಿದ್ದೆ. ಎರಡೂ ಸಲ ನಕ್ಕಿದ್ದ.

ಸುದ್ದಿ ಬಂದಾಗ ಸಾಹೇಬರು ಯಾಕೆ ಕರೆದಿರಿ ಎಂದು ಕೇಳಿದರು. ಅರ್ಧ ತಾಸು ನಿಂತಿತ್ತು, ಆಮೇಲೆ ತಾನೇ ಎದ್ದಿತು ಎಂದೆ. ಯಾರೂ ಪರೀಕ್ಷೆ ಮಾಡಲಿಲ್ಲ. ಹೆಣದ ಮುಂದೆ ರಿಜಿಸ್ಟರ್ ಯಾರು ನೋಡುತ್ತಾರೆ? ಜಡೆಪ್ಪ ಬಾಯಿ ಬಿಡಲಿಲ್ಲ, ಪಂದ್ಯ ಅವನದೂ ಇತ್ತು. ಡ್ರೈವರುಗಳು ತಮ್ಮ ದಾರಿ ಹಿಡಿದರು.

ಹಾಳೆ ಮುಗಿಯಿತು.

೫ ಡಿಸೆಂಬರ್, ಶನಿವಾರ

ಪರ್ಮಿಟ್ ಕಂಪ್ಯೂಟರ್ ಒಳಗೆ ಹೋಯಿತು. ಕಾಟಾ ಒಂದೇ ಬಾಕಿ. ಬುಧವಾರ ಬೆಳಿಗ್ಗೆ ಹತ್ತರಿಂದ ನಾಲ್ಕು ತಾಸು ಕಾಟಾ ಬಂದ್ ಇಡಲು ಸಾಹೇಬರು ಒಪ್ಪಿದ್ದಾರೆ.

ಸ್ಫೂರ್ತಿಗೆ ಚಿಂತೆ. ಕಾಟಾದ ಹಳೆಯ ಡಿಸ್ಕು ಕಟಕಟ ಎನ್ನುತ್ತಿದೆ. "ಒಂದ ಸಲ ಓದಾಕ ಕೊಡ್ತೈತಿ ಅನಸ್ತೈತಿ ಮಾವಾ. ನಡುವ ಕರೆಂಟ್ ಹೋಗಿ ನಿಂತ್ರ ಮತ್ತ ಏಳಂಗಿಲ್ಲ. ಎಲ್ಲಾ ಹೋತು. ಅಣ್ಣ ಬರೆದ ಪ್ರೋಗ್ರಾಮು ಬ್ಯಾರೆ ಎಲ್ಲೂ ಇಲ್ಲ. ಯುಪಿಎಸ್ ನಿನ್ನ ಕೈಯಾಗ ಐತಿ, ನೋಡ್ಕೋ."

ನನ್ನ ಕೈಯಲ್ಲಿ ಇದೆ.

ನಾನೇನೂ ಮಾಡಬೇಕಾಗಿಲ್ಲ. ಒಂದು ವೈರು ಸಡಿಲ ಬಿಟ್ಟರೆ ಸಾಕು. ಗುಂಡಿಗೆ ಮೂರು ದಿನದಿಂದ ನೀರು ಹಾಕಿಲ್ಲ, ಮರೆತೆ ಎಂದುಕೊಂಡಿದ್ದೆ. ಮರೆತಿರಲಿಲ್ಲ. ಇವತ್ತು ಅರ್ತ್ ಆರೂವರೆ. ಲಾಗ್ ಬುಕ್ಕಿನಲ್ಲಿ ಬರೆಯದೆ ಬಂದೆ.

ಆ ಡಿಸ್ಕು ಸತ್ತರೆ ಹನ್ನೊಂದು ಲಾರಿಯೂ ಸಾಯುತ್ತವೆ. ಅಕ್ಕ ಡಬ್ಬಿ ಒಡೆದು ಸಮಾಧಾನ ಮಾಡಿಕೊಳ್ಳುತ್ತಾಳೆ. ಸ್ಫೂರ್ತಿಗೆ ಯಾವತ್ತೂ ಗೊತ್ತಾಗುವುದಿಲ್ಲ.

ಓಬಳೇಶನ ಪ್ರೋಗ್ರಾಮೂ ಹೋಗುತ್ತದೆ. ಅವನು ಎರಡನೇ ಸಲ ಸಾಯುತ್ತಾನೆ.

೯ ಡಿಸೆಂಬರ್, ಬುಧವಾರ

ಬೆಳಿಗ್ಗೆ ಆರಕ್ಕೇ ಬಂದು ಗುಂಡಿಗೆ ನಾಲ್ಕು ಕೊಡ ನೀರು ಹಾಕಿದೆ. ಒಂಬತ್ತಕ್ಕೆ ಅರ್ತ್ ಒಂದೂ ಮುಕ್ಕಾಲು. ಇದು ಮೀಟರಿನಲ್ಲಿ ಬಂದ ಅಂಕಿ.

ಹತ್ತಕ್ಕೆ ಕಾಟಾ ನಿಲ್ಲಿಸಿದರು. ಹನ್ನೊಂದರ ಹೊತ್ತಿಗೆ ಲಾರಿಗಳ ಸಾಲು ಗೇಟು ದಾಟಿ ರಸ್ತೆಗೆ ಹೋಯಿತು. ಡ್ರೈವರುಗಳು ಹಾರ್ನ್ ಹೊಡೆಯುತ್ತಿದ್ದರು, ಬೈಯುತ್ತಿದ್ದರು. ಕಾಟಾ ನಿಂತೈತಿ, ಲಾರಿ ಸಾಲು ಹಚ್ಚಾವು. ಅವತ್ತು ನಾನು ಹೇಳಿದ್ದು ಇವತ್ತು ಕಣ್ಣೆದುರು ನಡೆಯಿತು.

ಯುಪಿಎಸ್ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕುಳಿತೆ. ಪರದೆಯಲ್ಲಿ ಒಂದು ಹಸಿರು ಪಟ್ಟಿ ಇರುವೆಯ ಹಾಗೆ ಹರಿಯುತ್ತಿತ್ತು. ಹನ್ನೆರಡೂಕಾಲಿಗೆ ಕರೆಂಟು ಹೋಯಿತು. ಯುಪಿಎಸ್ ಕೂಗಿಕೊಳ್ಳತೊಡಗಿತು. ಪಟ್ಟಿ ಅರ್ಧಕ್ಕೆ ಬಂದಿತ್ತು. ಸ್ಫೂರ್ತಿ ಜನರೇಟರ್ ಹಚ್ಚಿಸಲು ಹೊರಗೆ ಓಡಿದಳು. ರೂಮಿನಲ್ಲಿ ನಾನೊಬ್ಬನೇ. ನನ್ನ ಕೈ ಸ್ವಿಚ್ಚಿನ ಮೇಲಿತ್ತು. ಇದನ್ನು ಸುಳ್ಳು ಬರೆಯುವುದಿಲ್ಲ, ಕೈ ಅಲ್ಲೇ ಇತ್ತು. ಒತ್ತಿದ್ದರೆ ಬ್ಯಾಟರಿ ಕೈಕೊಟ್ಟಿತು ಎನ್ನಬಹುದಿತ್ತು. ಎಲ್ಲರೂ ನಂಬುತ್ತಿದ್ದರು. ನಾನು ಹೇಳಿದ್ದನ್ನು ಜನ ನಂಬುತ್ತಾರೆ, ಅದೇ ನನ್ನ ಮೇಲಿರುವ ಶಾಪ.

ಕಟಕಟ, ಕಟಕಟ. ಆ ಹಳೆಯ ಡಿಸ್ಕು ಮುದುಕಿ ಬತ್ತ ಕುಟ್ಟಿದ ಹಾಗೆ ಓದುತ್ತಲೇ ಇತ್ತು. ಹತ್ತು ತಿಂಗಳು ಮಣ್ಣು ತೂರಿಸಿಕೊಂಡಿದೆ. ನನ್ನ ಪಾಲಿನ ಮಣ್ಣು. ಒಂದು ದಿನವೂ ನಿಂತಿಲ್ಲ.

ಕೈ ತೆಗೆದೆ. ಹೊರಗೆ ಜನರೇಟರ್ ಎದ್ದಿತು.

ಎರಡಕ್ಕೆ ಹತ್ತು ನಿಮಿಷ ಇರುವಾಗ ಪಟ್ಟಿ ತುಂಬಿತು. ಕಾಟಾದಿಂದ ತೂಕ ತರುವ ಕೇಬಲ್ಲನ್ನು ಪಂಪಾಕ್ಕೆ ಚುಚ್ಚಿದೆವು. ಮೊದಲ ಲಾರಿ ಹತ್ತಿತು. ತೂಕ ಬಂತು. ಹೊರಗೆ ಡ್ರೈವರುಗಳು ಸಿಳ್ಳೆ ಹೊಡೆದರು.

"ಮಾವಾ, ಇವತ್ತ ನೀ ಒಂದೂ ಮಾತಾಡ್ಲಿಲ್ಲ. ಮೈಯಾಗ ಆರಾಮಿಲ್ಲೇನು?" ಎಂದಳು ಸ್ಫೂರ್ತಿ.

೧೪ ಡಿಸೆಂಬರ್, ಸೋಮವಾರ

ಅರ್ತ್ ಒಂದೂವರೆ. ರೂಮು ಇಪ್ಪತ್ತೆರಡು ಡಿಗ್ರಿ. ಮೂರೂ ಮಷೀನು ಒಳಗೆ ತಣ್ಣಗಿವೆ.

ಸ್ಫೂರ್ತಿ ಹಳೆಯ ಕಾಟಾ ಡಬ್ಬಿಯನ್ನು ಒರೆಸಿ ಗೋಣಿಯಲ್ಲಿ ಸುತ್ತಿ ಇಟ್ಟಳು, ಅವ್ವನಿಗೆ ಕೊಡಲು. ಆಮೇಲೆ ಬಂದು ನನ್ನ ಎದುರು ಕುಳಿತಳು.

"ಮಾವಾ, ಕಾಟಾ ಮಷೀನ್ ಯಾರೇನು ಪ್ರಿಂಟ್ ತಗೊಂಡ್ರು ಅಂತ ಬರ್ಕೋತೈತಿ. ನವೆಂಬರ್ ಮೂವತ್ತಕ್ಕ ಒಂದು ಪ್ರಿಂಟ್ ಐತಿ. ಫೆಬ್ರವರಿ ಹನ್ನೊಂದರ ರಿಜಿಸ್ಟರ್. ಅವತ್ತ ಕುಂತಿದ್ದು ನೀನ."

"ಹೂಂ."

"ನಾನೂ ತಗದು ನೋಡಿದೆ."

ನಾಲಿಗೆಯ ಮೇಲೆ ಹತ್ತು ಸುಳ್ಳು ಬಂದು ನಿಂತವು, ಗಡಿಯಾರ ತಪ್ಪಿತ್ತು, ಧೂಳು ಹೊಕ್ಕಿತ್ತು, ಇನ್ನೂ ಏನೇನೋ. ಒಂದೂ ಹೊರಗೆ ಬರಲಿಲ್ಲ.

"ಬುಧವಾರ ಅವ್ವ ಕಲ್ಲು ತರ್ತಾಳ" ಎಂದಳು. ಎದ್ದು ಹೋದಳು.

೧೬ ಡಿಸೆಂಬರ್, ಬುಧವಾರ. ಎಳ್ಳಮಾವಾಸ್ಯ

ಊರವರೆಲ್ಲ ಬುತ್ತಿ ಕಟ್ಟಿಕೊಂಡು, ಭೂತಾಯಿಗೆ ಎಡೆ ಎರಚಿ ಚರಗ ಚೆಲ್ಲಲು ಹೊಲಕ್ಕೆ ಹೋದರು. ಕರೆಮ್ಮ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಕಟ್ಟಿಕೊಟ್ಟಿದ್ದಳು. ಬಿಚ್ಚಿಲ್ಲ.

ಅಕ್ಕ ಚೀಲದಲ್ಲಿ ರುಬ್ಬುವ ಗುಂಡು ಹೊತ್ತು ತಂದಿದ್ದಳು, ಸಂಡೂರಿನಿಂದ ಬಸ್ಸಿನಲ್ಲಿ, ಮಡಿಲಲ್ಲಿಟ್ಟುಕೊಂಡು. ಕಾಟಾ ರೂಮಿನ ಹಿಂದೆ ಗೋಣಿಯ ಮೇಲೆ ಡಬ್ಬಿ ಇಟ್ಟಿತ್ತು. ಸ್ಫೂರ್ತಿ ಗೋಡೆಗೆ ಆತು ನಿಂತಿದ್ದಳು. ಅಕ್ಕ ಸೆರಗಿನ ಗಂಟು ಬಿಚ್ಚಿ ಮಣ್ಣನ್ನು ಎಡಗೈಯಲ್ಲಿ ಹಿಡಿದಳು. ಬಲಗೈಯಿಂದ ಗುಂಡು ಎತ್ತಲು ನೋಡಿದಳು, ಆಗಲಿಲ್ಲ.

"ಪಾಲಪ್ಪಾ, ಒಂದೀಟು ಕೈ ಹಚ್ಚೋ."

"ಅಕ್ಕಾ, ಒಡೀಬ್ಯಾಡ. ಅದರದು ತಪ್ಪಿಲ್ಲ."

"ಏನಂದಿ?"

"ಅವತ್ತ ಕಾಟಾ ನಿಂತಿರ್ಲಿಲ್ಲ. ನಾ ಸುಳ್ಳು ಹೇಳಿ ಕರೆದೆ. ಜಡೆಪ್ಪನ ಕೂಡ ಪಂದ್ಯ ಕಟ್ಟಿದ್ದೆ. ನನ್ನ ಮಾತಿಗೆ ಓಬಳೇಶ ಎದ್ದು ಬರ್ತಾನ ಅಂತ." ಜೇಬಿನಿಂದ ಆ ಕಾಗದ ತೆಗೆದೆ. ಅಕ್ಕನಿಗೆ ಓದು ಬರುವುದಿಲ್ಲ. ಆದರೂ ಚಾಚಿ ಹಿಡಿದೆ.

ಅಕ್ಕ ಮಗಳ ಕಡೆ ನೋಡಿದಳು. ಸ್ಫೂರ್ತಿ ಹೌದೆಂದು ತಲೆ ಆಡಿಸಿದಳು.

"ಏನ್ ಪಂದ್ಯ?"

"ಒಂದು ಪ್ಲೇಟ್ ಮಿರ್ಚಿ."

ಕಾಟಾದ ಮೇಲೆ ಒಂದು ಲಾರಿ ಹತ್ತಿತು, ಇಳಿಯಿತು. ಇನ್ನೊಂದು ಹತ್ತಿತು.

"ಅವತ್ತ ನುಗ್ಗಿಕಾಯಿ ಸಾರು ಮಾಡಿದ್ದೆ" ಎಂದಳು ಅಕ್ಕ. ನನಗಲ್ಲ, ಯಾರಿಗೂ ಅಲ್ಲ. "ಮುಚ್ಚಿಡವ್ವಾ, ಬಂದು ಉಣ್ತೀನಿ ಅಂದ. ಮುಚ್ಚಿಟ್ಟೆ."

"ತೂರಕ್ಕಾ" ಎಂದೆ. ಅವಳ ಮುಂದೆ ಮಂಡಿಯೂರಿದೆ. "ನನ್ನ ಮ್ಯಾಲ ತೂರು."

ಕೈ ಎತ್ತಿದಳು. ಕಣ್ಣು ಮುಚ್ಚಿದೆ. ಏನೂ ಬೀಳಲಿಲ್ಲ. ಕಣ್ಣು ತೆರೆದರೆ ಕೈ ಹಾಗೇ ಮೇಲೆ ನಿಂತಿತ್ತು.

"ತಮ್ಮನ ಮ್ಯಾಲ ತೂರಿದ ಮಣ್ಣು ತವರಿನ ಮ್ಯಾಲ ಬೀಳ್ತೈತಿ. ನಿನಗ ಶಾಪ ಹಾಕೋ ಪುಣ್ಯಾನೂ ನನಗಿಲ್ಲ." ನನ್ನ ಅಂಗೈ ಬಿಡಿಸಿ ಮಣ್ಣು ಹಾಕಿ, ಬೆರಳು ಮಡಚಿದಳು. "ಹಿಡಿ. ಎಲ್ಲಿ ಹಾಕ್ಬೇಕೋ ನೀನ ನೋಡ್ಕೋ."

ಆಮೇಲೆ ಡಬ್ಬಿಯ ಮುಂದೆ ಕುಳಿತಳು. ಜಾಲರಿಯ ಸಂದಿಯಲ್ಲಿ ತಾನೇ ತೂರಿದ ಮಣ್ಣು ಇನ್ನೂ ಕಟ್ಟಿಕೊಂಡಿತ್ತು. ಸೆರಗಿನ ತುದಿಯನ್ನು ಹುರಿಮಾಡಿ ಒಂದೊಂದೇ ತೂತಿನಿಂದ ತೆಗೆದಳು. "ಏನೂ ಮಾಡದವನಿಗೆ ಬೈದ್ನಲ್ಲೋ ಯಪ್ಪಾ" ಎಂದು ಅದರ ಬೆನ್ನು ಸವರಿದಳು.

ಸ್ಫೂರ್ತಿ ಬಸ್ಸಿನ ತನಕ ಡಬ್ಬಿ ಹೊತ್ತು ತಂದಳು. ಅಕ್ಕ ಅದನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕುಳಿತಳು. ನನ್ನ ಕಡೆ ನೋಡಲಿಲ್ಲ. ಬಸ್ಸು ಸಂಡೂರಿನ ರಸ್ತೆಗೆ ತಿರುಗಿತು.

"ಇವತ್ತ ನೀ ಹೇಳದಿದ್ರ ನಾ ಹೇಳ್ತಿದ್ದೆ" ಎಂದಳು ಸ್ಫೂರ್ತಿ. ಅವಳ ಹಿಂದೆ ಹತ್ತು ಹೆಜ್ಜೆ ಬಿಟ್ಟು ನಡೆದು ಬಂದೆ.

೧೭ ಡಿಸೆಂಬರ್, ಗುರುವಾರ

ಅರ್ತ್ ಎರಡೂಕಾಲು. ಎರಡಕ್ಕಿಂತ ಹೆಚ್ಚಿದೆ, ಹಾಗೇ ಬರೆದೆ. ನೀರು ಹಾಕಿದೆ. ರೂಮು ಇಪ್ಪತ್ತೆರಡು.

ರುಬ್ಬುವ ಗುಂಡು ಕಾಟಾ ರೂಮಿನ ಹಿಂದೆಯೇ ಉಳಿದಿದೆ. ಮುಟ್ಟಿಲ್ಲ. ಮಣ್ಣು ಕರವಸ್ತ್ರದಲ್ಲಿ ಕಟ್ಟಿ ಮೇಜಿನ ಖಾನೆಯಲ್ಲಿಟ್ಟಿದ್ದೇನೆ. ಎಲ್ಲಿ ಹಾಕಬೇಕೋ ತಿಳಿಯಲಿಲ್ಲ.

ಜಡೆಪ್ಪ ಚಹಾ ತಂದ. ಅವನಿಗೂ ಸುದ್ದಿ ಮುಟ್ಟಿತ್ತು. ಹೋಗಲಿಕ್ಕೆ ಮನಸ್ಸಿಲ್ಲದೆ ಬಾಗಿಲಲ್ಲಿ ನಿಂತ. "ಪಾಲಪ್ಪಣ್ಣಾ, ಏನಾರ ಮಾತಾಡೋ."

ಚಹಾ ಕುಡಿದು ಖಾಲಿ ಲೋಟ ಅವನ ಕೈಗೆ ಕೊಟ್ಟೆ.

ಸ್ಫೂರ್ತಿ ಊಟಕ್ಕೆ ಹೋಗುವ ಮುಂಚೆ ಬಾಗಿಲಲ್ಲಿ ನಿಂತು, ಒಳಗೆ ಬರದೆ, ಕಾಟಾ ನೋಡಿಕೊಳ್ಳಬೇಕು ಎಂದಳು. ಹೋಗಿ ಕುಳಿತೆ. ಹೊಸ ಪರದೆ, ಒಳಗೆ ಓಬಳೇಶನ ಅದೇ ಹಳೆಯ ಹಸಿರು ಅಕ್ಷರ. ಲಾರಿ ಹತ್ತಿತು. ತೂಕ ಬಂತು. ಆಪರೇಟರ್ ಹೆಸರು ಕೇಳಿತು. ಪಾಲಪ್ಪ ಎಂದು ಒತ್ತಿದೆ. ಟೈಮು ತಾನೇ ಹಾಕಿಕೊಂಡಿತು.

ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷ. ಕಾಟಾ ನಿಂತಿಲ್ಲ.